ಯಂತ್ರವನ್ನು ಎಬ್ಬಿಸುವ ಕೆಲಸ ಯಾರಿಗೆ ಒಪ್ಪಿಸೋಣ? ಬೂಟ್ ಲೋಡರ್ ಆರಿಸುವವರಿಗೆ ಒಂದು ಹೋಲಿಕೆ

‘ಗ್ರಬ್ ಬಿಟ್ಟು ಸಿಸ್ಟಮ್‌ಡಿ-ಬೂಟ್‌ಗೆ ಹೋಗಲೇ?’ ‘ರೀಫೈಂಡ್ ನೋಡಲು ಚೆನ್ನಾಗಿರುತ್ತದಂತೆ, ಹಾಕಿಕೊಳ್ಳಲೇ?’ ‘ಬೂಟ್ ಲೋಡರೇ ಇಲ್ಲದೆ ಲಿನಕ್ಸ್ ಏಳುತ್ತದೆ ಎನ್ನುತ್ತಾರೆ, ಅದು ಹೇಗೆ?’ ಓದುಗರಿಂದ ಈ ಮೂರು ಪ್ರಶ್ನೆಗಳು ಸರದಿಯ ಮೇಲೆ ಬರುತ್ತಲೇ ಇರುತ್ತವೆ. ಯಂತ್ರ ಚಾಲೂ ಆದಾಗ ಕಾರ್ಯಾಚರಣ ವ್ಯವಸ್ಥೆಯನ್ನು ಮೆಮೊರಿಗೆ ತಂದು ಓಡಿಸುವ ಪುಟ್ಟ ಪ್ರೋಗ್ರಾಮೇ ಬೂಟ್ ಲೋಡರ್; ಗ್ರಬ್, ಸಿಸ್ಟಮ್‌ಡಿ-ಬೂಟ್, ರೀಫೈಂಡ್ ಅಂಥವು. ಉತ್ತರಿಸುವ ಮುಂಚೆ ನಾನು ತಿರುಗಿ ಕೇಳುವುದು ಒಂದನ್ನೇ: ವ್ಯವಸ್ಥೆಯ ತಿರುಳಾದ ನಿಮ್ಮ ಕರ್ನಲ್ ಫೈಲ್ ಡಿಸ್ಕಿನ ಯಾವ ಪಾರ್ಟಿಷನ್ನಿನಲ್ಲಿ, ಅಂದರೆ ಯಾವ ವಿಭಾಗದಲ್ಲಿದೆ, ಅದನ್ನು ಓದಲು ಯಾರಿಗೆ ಬರುತ್ತದೆ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ.

ಇದು ನನಗೂ ಪೆಟ್ಟು ತಿಂದ ಮೇಲೆಯೇ ಹೊಳೆದದ್ದು. ಒಂದು ರಾತ್ರಿ ಜಾಗ ಹೊಂದಿಸಿಕೊಳ್ಳಲು ಹೋಗಿ ಬೇಡದ ಪಾರ್ಟಿಷನ್ ಒಂದನ್ನು ಅಳಿಸಿ, ಉಳಿದವನ್ನು ಸಾಲಾಗಿ ಮರುಸಂಖ್ಯೆ ಮಾಡಿ, ಮರುಚಾಲನೆ ಕೊಟ್ಟೆ. ಕಪ್ಪು ಪರದೆ, ‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಪದ, ಪಕ್ಕದಲ್ಲಿ ಮಿನುಗುವ ಕರ್ಸರ್. ಡಿಸ್ಕ್ ಹೋಯಿತೆಂದೇ ತಿಳಿದೆ. ನಿಜಕ್ಕೂ ಒಂದು ಬೈಟೂ ಹೋಗಿರಲಿಲ್ಲ. ಗ್ರಬ್ಬಿನ ಮೊದಲ ತುಣುಕು ಎದ್ದು ಕೂತಿತ್ತು. ತನ್ನ ಉಳಿದ ಭಾಗ ಐದನೇ ಪಾರ್ಟಿಷನ್ನಿನಲ್ಲಿದೆ ಎಂದು ಅದಕ್ಕೆ ಹೇಳಿಕೊಟ್ಟಿತ್ತು, ನಾನು ಅದನ್ನು ನಾಲ್ಕನೆಯದಾಗಿಸಿದ್ದೆ. ಎಲ್‌ಎಸ್ ಎಂಬ ಕಮಾಂಡ್ ಕೊಟ್ಟು ಪಾರ್ಟಿಷನ್‌ಗಳನ್ನು ಒಂದೊಂದಾಗಿ ಇಣುಕಿ ನೋಡಿ, ‘ಪ್ರಿಫಿಕ್ಸ್’ ಎಂಬ ಚರಾಂಕಕ್ಕೆ ಸರಿಯಾದ ವಿಳಾಸ ಕೊಟ್ಟು, ‘ನಾರ್ಮಲ್’ ಎಂಬ ಮಾಡ್ಯೂಲನ್ನು ಸೇರಿಸಿ ಓಡಿಸಿದೊಡನೆ ಮೆನು ಬಂತು. ಬೂಟ್ ಲೋಡರ್ ಎಂಬುದು ಒಂದೇ ಉಂಡೆಯಲ್ಲ, ಒಬ್ಬರು ಇನ್ನೊಬ್ಬರನ್ನು ಕೂಗಿ ಎಬ್ಬಿಸುವ ಸಾಲು ಎಂದು ಅಂದು ತಿಳಿಯಿತು.

ಸಾಲಿನ ಮೊದಲಿಗ ಫರ್ಮ್‌ವೇರ್

ವಿದ್ಯುತ್ ಹರಿದ ಕ್ಷಣದಲ್ಲಿ ಪ್ರೊಸೆಸರಿಗೆ ಡಿಸ್ಕ್ ಎಂದರೇನೆಂದೇ ಗೊತ್ತಿರುವುದಿಲ್ಲ. ಮದರ್‌ಬೋರ್ಡಿನ ಫ್ಲ್ಯಾಶ್ ಚಿಪ್ಪಿನಲ್ಲಿರುವ ಫರ್ಮ್‌ವೇರ್ ಮೊದಲು ಓಡಿ, ಮೆಮೊರಿಯನ್ನು ಸಜ್ಜುಗೊಳಿಸಿ, ಡಿಸ್ಕು, ಕೀಲಿಮಣೆ, ಪರದೆಗಳನ್ನು ಗುರುತಿಸಿಕೊಳ್ಳುತ್ತದೆ. ಮುಂದೆ ದಾರಿ ಎರಡಾಗುತ್ತದೆ.

ಹಳೆಯ ಬಗೆಯ ಫರ್ಮ್‌ವೇರಾದ ಬಯಾಸ್, ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಮೆಮೊರಿಯ 31,744ನೇ ವಿಳಾಸಕ್ಕೆ ತಂದಿಡುತ್ತದೆ. ಕೊನೆಯ ಎರಡು ಬೈಟ್‌ಗಳು 55 ಮತ್ತು ಎಎ ಎಂದಿದ್ದರೆ ಅಲ್ಲಿಗೆ ಜಿಗಿಯುತ್ತದೆ. ಅದರ ಕೆಲಸ ಅಷ್ಟೇ. ಆ 512ರಲ್ಲಿ ಪಾರ್ಟಿಷನ್ ಪಟ್ಟಿಗೆ 64 ಬೈಟ್, ಗುರುತಿಗೆ ಎರಡು. ಲೋಡರಿಗೆ ಉಳಿಯುವುದು 446 ಬೈಟ್. ಈ ಪ್ಯಾರಾದ ಅಕ್ಷರಗಳನ್ನು ಯೂನಿಕೋಡಿನಲ್ಲಿ ಇಟ್ಟರೂ ಅಲ್ಲಿ ಹಿಡಿಸುವುದಿಲ್ಲ, ಇನ್ನು ಫೈಲ್ ಸಿಸ್ಟಮ್ (ಫೈಲ್‌ಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ಕ್ರಮ) ಓದುವ ಕೋಡ್ ಎಲ್ಲಿ ಹಿಡಿಸೀತು? ಆದ್ದರಿಂದ ಅಲ್ಲಿ ಕೂರುವ ಕೋಡಿಗೆ ಒಂದೇ ಕೆಲಸ: ‘ಇಂತಿಷ್ಟನೇ ಸೆಕ್ಟರಿನಿಂದ ಇಷ್ಟನ್ನು ಎತ್ತಿಕೊಂಡು ಬಾ’ ಎಂದು ಬಯಾಸನ್ನೇ ಕೇಳಿ, ಇನ್ನೊಂದು ದೊಡ್ಡ ತುಣುಕನ್ನು ತರಿಸಿಕೊಳ್ಳುವುದು.

ಹೊಸ ಬಗೆಯ ಫರ್ಮ್‌ವೇರಾದ ಯುಇಎಫ್‌ಐ ಹಾಗಲ್ಲ. ಅದಕ್ಕೆ ಫ್ಯಾಟ್ ಫೈಲ್ ಸಿಸ್ಟಮ್ ಓದಲು ಬರುತ್ತದೆ. ಡಿಸ್ಕಿನಲ್ಲಿ ಇಎಫ್‌ಐ ಪಾರ್ಟಿಷನ್ ಎಂಬ ಸಣ್ಣ ಭಾಗವಿರುತ್ತದೆ. ಅದರೊಳಗೆ ವಿಂಡೋಸ್ ಪ್ರೋಗ್ರಾಮುಗಳದೇ ರಚನೆಯ, ‘.ಇಎಫ್‌ಐ’ ಬಾಲದ ಫೈಲ್‌ಗಳು. ಯಾವುದನ್ನು ಯಾವ ಕ್ರಮದಲ್ಲಿ ಓಡಿಸಬೇಕೆಂಬ ಪಟ್ಟಿ ಮದರ್‌ಬೋರ್ಡಿನ ಸ್ಮೃತಿಯಲ್ಲಿ ಉಳಿದಿರುತ್ತದೆ. ಪಟ್ಟಿ ಅಳಿಸಿಹೋದರೆ ಕೊನೆಯ ಆಸರೆಯಾಗಿ ‘ಇಎಫ್‌ಐ/ಬೂಟ್/ಬೂಟ್‌ಎಕ್ಸ್64.ಇಎಫ್‌ಐ’ ಎಂಬ ನಿಗದಿತ ಹೆಸರಿನ ಫೈಲನ್ನು ಹುಡುಕುತ್ತದೆ. ಈ ಹೆಸರನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಲೋಡರ್ ಬಂದ ಮೇಲೆ ಮಾಡುವುದೇನು? ಕರ್ನಲ್ ಫೈಲನ್ನೂ, ಅದರ ಆರಂಭಿಕ ಬುತ್ತಿಯಾದ ಇನಿಟ್‌ರಾಮ್‌ಎಫ್‌ಎಸ್ ಫೈಲನ್ನೂ ಮೆಮೊರಿಗೆ ತರುತ್ತದೆ. ಕರ್ನಲ್ಲಿಗೆ ಹೇಳಬೇಕಾದ ಒಂದು ಸಾಲಿನ ಸೂಚನೆಯನ್ನು, ಅಂದರೆ ರೂಟ್ (ವ್ಯವಸ್ಥೆಯ ಮುಖ್ಯ ಪಾರ್ಟಿಷನ್) ಎಲ್ಲಿದೆ ಎಂಬಂಥದ್ದನ್ನು, ಜೊತೆಗಿಡುತ್ತದೆ. ಮೆಮೊರಿಯ ಯಾವ ಭಾಗ ಬಳಸಬಹುದು, ಯಾವುದನ್ನು ಮುಟ್ಟಬಾರದು ಎಂಬ ನಕ್ಷೆಯನ್ನು ಫರ್ಮ್‌ವೇರಿನಿಂದ ಪಡೆಯಬೇಕು. ಯುಇಎಫ್‌ಐನಲ್ಲಿ ಈ ಕೈಬದಲಿನ ಗಳಿಗೆ ಬಹಳ ನಾಜೂಕು. ನಕ್ಷೆಯ ಜೊತೆ ಒಂದು ಸಂಖ್ಯೆ ಸಿಗುತ್ತದೆ. ಅದನ್ನು ತೋರಿಸಿಯೇ ‘ಇನ್ನು ನಿನ್ನ ಸೇವೆ ಸಾಕು’ ಎಂದು ಫರ್ಮ್‌ವೇರಿಗೆ ಹೇಳಬೇಕು. ನಕ್ಷೆ ಪಡೆದದ್ದಕ್ಕೂ ವಿದಾಯ ಹೇಳುವುದಕ್ಕೂ ನಡುವೆ ಯಾರಾದರೂ ಚೂರು ಮೆಮೊರಿ ಕೇಳಿದರೂ ನಕ್ಷೆ ಬದಲಾಗುತ್ತದೆ, ಸಂಖ್ಯೆ ಹಳತಾಗುತ್ತದೆ, ಫರ್ಮ್‌ವೇರ್ ವಿದಾಯವನ್ನು ಒಪ್ಪುವುದಿಲ್ಲ; ಹೊಸ ನಕ್ಷೆ ತಂದು ಮತ್ತೆ ಕೇಳಬೇಕು. ಒಪ್ಪಿದ ಮರುಕ್ಷಣದಿಂದ ಫರ್ಮ್‌ವೇರಿನ ಡಿಸ್ಕ್ ಓದುವ ಸೇವೆ ಇಲ್ಲ. ಗಡಿಯಾರ ಮತ್ತು ಬೂಟ್ ಪಟ್ಟಿಯಂಥ ಕೆಲವು ಸಣ್ಣ ಸೇವೆಗಳಷ್ಟೇ ಉಳಿಯುತ್ತವೆ.

ಯಾವುದನ್ನಿಟ್ಟು ಅಳೆಯಬೇಕು

ಇಲ್ಲಿ ಹೇಳುವ ಲೋಡರುಗಳೆಲ್ಲ ಉಚಿತ. ಹಾಗಾಗಿ ಬೆಲೆ ಎಂದರೆ ಡಿಸ್ಕಿನ ಜಾಗ, ಕಲಿಯುವ ಹೊತ್ತು, ಕೆಟ್ಟ ದಿನದ ತಲೆನೋವು.

ಮೊದಲು ನಿಮ್ಮದು ಬಯಾಸೋ ಯುಇಎಫ್‌ಐಯೋ ನೋಡಿ. ಲಿನಕ್ಸಿನಲ್ಲಿ ‘/ಸಿಸ್/ಫರ್ಮ್‌ವೇರ್/ಇಎಫ್‌ಐ’ ಎಂಬ ಫೋಲ್ಡರ್ ಇದ್ದರೆ ಯಂತ್ರ ಯುಇಎಫ್‌ಐ ಮೂಲಕ ಎದ್ದಿದೆ. ಇಲ್ಲದಿದ್ದರೆ ಬಯಾಸ್ ಮೂಲಕ. ಎರಡನೆಯದು ಕರ್ನಲ್ ಇರುವ ಜಾಗ. ಅದು ಫ್ಯಾಟ್ ಪಾರ್ಟಿಷನ್ನಿನಲ್ಲಿದ್ದರೆ ಫರ್ಮ್‌ವೇರೇ ಓದಿಕೊಡುತ್ತದೆ. ಇಎಕ್ಸ್‌ಟಿ4, ಬಿಟಿಆರ್‌ಎಫ್‌ಎಸ್‌ನಂಥ ಲಿನಕ್ಸ್ ಫೈಲ್ ಸಿಸ್ಟಮ್, ಡಿಸ್ಕಿನ ಜಾಗವನ್ನು ಒಟ್ಟುಗೂಡಿಸಿ ಹಂಚುವ ಎಲ್‌ವಿಎಂ ಅಥವಾ ಗೂಢಲಿಪಿ ಬೀಗ ಹಾಕಿದ ಪಾರ್ಟಿಷನ್ನಿನೊಳಗಿದ್ದರೆ ಲೋಡರಿಗೆ ಆ ವಿದ್ಯೆಯೆಲ್ಲ ಬರಬೇಕು. ಜೊತೆಗೆ ಎಷ್ಟು ಕಾರ್ಯಾಚರಣ ವ್ಯವಸ್ಥೆಗಳಿವೆ, ಸೆಕ್ಯೂರ್ ಬೂಟ್ (ಒಪ್ಪಿದ ಡಿಜಿಟಲ್ ಸಹಿ ಇರುವುದನ್ನಷ್ಟೇ ಓಡಿಸುವ ಫರ್ಮ್‌ವೇರಿನ ಕಾವಲು) ಇಟ್ಟುಕೊಳ್ಳುತ್ತೀರಾ, ಕರ್ನಲ್ ಅಪ್‌ಡೇಟ್ ಬಂದಾಗ ಲೋಡರಿಗೆ ಸುದ್ದಿ ಮುಟ್ಟಿಸುವವರು ಯಾರು ಎಂಬುದನ್ನು ಸೇರಿಸಿಕೊಳ್ಳಿ.

ಇವೆಲ್ಲಕ್ಕಿಂತ ಹೆಚ್ಚು ತೂಕ ನಾನು ಕೊಡುವುದು ಇನ್ನೊಂದಕ್ಕೆ: ಒಂದು ದಿನ ಏಳದೇ ಹೋದರೆ, ಮತ್ತೊಂದು ಕಂಪ್ಯೂಟರಿನ ಸಹಾಯವಿಲ್ಲದೆ ನೀವು ಅದನ್ನು ಎಬ್ಬಿಸಬಲ್ಲಿರಾ?

ವೇಗವನ್ನು ಈ ಪಟ್ಟಿಗೆ ಬೇಕೆಂದೇ ಸೇರಿಸಿಲ್ಲ. ‘ಇದು ಅದಕ್ಕಿಂತ ಬೇಗ ಏಳುತ್ತದೆ’ ಎಂಬ ಜಗಳಗಳನ್ನು ಬಹಳ ಓದಿದ್ದೇನೆ. ಹೆಚ್ಚಿನ ಯಂತ್ರಗಳಲ್ಲಿ ಹೊತ್ತು ತಿನ್ನುವುದು ಫರ್ಮ್‌ವೇರ್ ಮತ್ತು ನೀವೇ ಬಿಟ್ಟಿರುವ ಐದು ಸೆಕೆಂಡಿನ ಮೆನು. ಅದನ್ನು ಒಂದಕ್ಕೆ ಇಳಿಸಿ, ಜಗಳ ಮುಗಿಯುತ್ತದೆ.

ಗ್ರಬ್: ಎಲ್ಲರ ಉಸಾಬರಿ ಹೊತ್ತವನು

ಎರಿಕ್ ಬೋಲಿನ್ 1995ರಲ್ಲಿ ಬರೆಯತೊಡಗಿದ ಈ ಲೋಡರ್ ಇಂದು ಒಂದು ಪುಟ್ಟ ಕಾರ್ಯಾಚರಣ ವ್ಯವಸ್ಥೆಯೇ ಆಗಿದೆ. ಬಯಾಸ್ ಇರಲಿ, ಯುಇಎಫ್‌ಐ ಇರಲಿ, ಎರಡೂ ಕಡೆ ಏಳುತ್ತದೆ. ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್, ಝಡ್‌ಎಫ್‌ಎಸ್, ಎಲ್‌ವಿಎಂ, ಹಲವು ಡಿಸ್ಕುಗಳನ್ನು ಒಂದಾಗಿಸುವ ರೇಡ್, ಗೂಢಲಿಪಿಯ ಲಕ್ಸ್ ಬೀಗ ಎಲ್ಲಕ್ಕೂ ಮಾಡ್ಯೂಲು ಉಂಟು. ತನ್ನದೇ ಸ್ಕ್ರಿಪ್ಟ್ ಭಾಷೆ, ತನ್ನದೇ ಕಮಾಂಡ್ ಸಾಲು.

ಬಯಾಸ್ ಯಂತ್ರದಲ್ಲಿ ಅದು ಕೂರುವ ರೀತಿ ನೋಡತಕ್ಕದ್ದು. ಮೊದಲ ಸೆಕ್ಟರಿನ ಪುಟ್ಟ ಕೋಡ್ ಎಳೆದು ತರುವ ದೊಡ್ಡ ತುಣುಕು, ಮೊದಲ ಸೆಕ್ಟರಿಗೂ ಮೊದಲ ಪಾರ್ಟಿಷನ್ನಿಗೂ ನಡುವಿನ ಖಾಲಿ ಜಾಗದಲ್ಲಿ ಅಡಗಿರುತ್ತದೆ. ಹಳೆಯ ಕ್ರಮದಲ್ಲಿ ವಿಂಗಡಿಸಿದ ಡಿಸ್ಕಿನಲ್ಲಿ ಅದು 62 ಸೆಕ್ಟರ್, ಅಂದರೆ 31 ಕೆಬಿ ಮಾತ್ರ. ಈಗಿನ ಡಿಸ್ಕುಗಳಲ್ಲಿ ಸುಮಾರು ಒಂದು ಎಂಬಿ. ಆ ಜಾಗ ಯಾರ ಹೆಸರಿಗೂ ಬರೆದದ್ದಲ್ಲ. ಹಿಂದೆ ಕೆಲವು ವಿಂಡೋಸ್ ತಂತ್ರಾಂಶಗಳು ತಮ್ಮ ಪರವಾನಗಿ ಗುರುತನ್ನು ತಂದು ಅಲ್ಲೇ ಬರೆದು ಗ್ರಬ್ಬಿನ ಮೈ ತೂತು ಮಾಡುತ್ತಿದ್ದವು. ಅದನ್ನು ತಡೆದುಕೊಳ್ಳಲು ಗ್ರಬ್, ಗೀರು ಬಿದ್ದ ಸಿಡಿಯನ್ನು ಓದಿಸುವಂಥದೇ ದೋಷ ತಿದ್ದುವ ಸಂಕೇತಗಳನ್ನು ಮೈಮೇಲೆ ಹೊತ್ತಿತು. ಡಿಸ್ಕಿನಲ್ಲಿ ಜಿಪಿಟಿ ಎಂಬ ಹೊಸ ಬಗೆಯ ಪಾರ್ಟಿಷನ್ ಪಟ್ಟಿ ಇದ್ದರೆ ಈ ತುಣುಕಿಗೆ ಪ್ರತ್ಯೇಕವಾಗಿ ಒಂದು ಎಂಬಿಯ ‘ಬಯಾಸ್ ಬೂಟ್’ ಪಾರ್ಟಿಷನ್ ಕೊಡಬೇಕು.

ಗ್ರಬ್ಬಿನ ದೊಡ್ಡ ಗುಣ ಕೆಟ್ಟ ದಿನದಲ್ಲಿ ಕಾಣುತ್ತದೆ. ಮೆನು ಬಂದಿಲ್ಲದಿದ್ದರೂ ಅದರ ಕಮಾಂಡ್ ಸಾಲಿನಲ್ಲಿ ಡಿಸ್ಕನ್ನು ತಡವಿ, ಕರ್ನಲ್ಲನ್ನು ಕೈಯಿಂದಲೇ ಎತ್ತಿ ಓಡಿಸಬಹುದು. ಬಿಟಿಆರ್‌ಎಫ್‌ಎಸ್‌ನ ಹಳೆಯ ಸ್ನ್ಯಾಪ್‌ಶಾಟ್‌ಗೆ (ಹಿಂದಿನ ಸ್ಥಿತಿಯ ಪ್ರತಿಗೆ), ಅದರೊಳಗಿನ ಹಳೆಯ ಕರ್ನಲ್ ಸಮೇತ, ಮೆನುವಿನಿಂದಲೇ ಹಿಂದಿರುಗುವ ಅನುಕೂಲವನ್ನು ಬಹಳ ಕಾಲ ಕೊಟ್ಟಿರುವುದೂ ಗ್ರಬ್ಬೇ.

ದೋಷಗಳೂ ಇದೇ ಬೇರಿನಿಂದ ಹುಟ್ಟಿದವು. ಇಷ್ಟೆಲ್ಲ ಫೈಲ್ ಸಿಸ್ಟಮ್‌ಗಳನ್ನು ಲಿನಕ್ಸಿನ ಕೋಡ್ ಬಳಸದೆ ತಾನೇ ಮತ್ತೊಮ್ಮೆ ಬರೆದುಕೊಂಡಿರುವುದರಿಂದ ಯಾವಾಗಲೂ ಅರ್ಧ ಹೆಜ್ಜೆ ಹಿಂದೆ. ಝಡ್‌ಎಫ್‌ಎಸ್‌ನ ಹೊಸ ಸೌಲಭ್ಯಗಳನ್ನು ಉತ್ಸಾಹದಿಂದ ಚಾಲೂ ಮಾಡಿ, ಮರುದಿನ ಗ್ರಬ್ಬಿಗೆ ಆ ಡಿಸ್ಕ್ ಓದಲು ಬಾರದೆ ಕಂಗೆಟ್ಟವರಿದ್ದಾರೆ. ಲಕ್ಸ್2 ಬೀಗದಲ್ಲಿ ಸಾಮಾನ್ಯವಾಗಿ ಬರುವ, ಗುಪ್ತಪದದಿಂದ ಕೀಲಿ ತೆಗೆಯುವ ಆರ್ಗಾನ್2 ವಿಧಾನ ಅದಕ್ಕೆ ಬಹುಕಾಲ ಬರುತ್ತಿರಲಿಲ್ಲ. ಕರ್ನಲ್ ಇರುವ ‘/ಬೂಟ್’ಗೂ ಬೀಗ ಹಾಕುವ ಯೋಚನೆಯಿದ್ದರೆ ನಿಮ್ಮ ಡಿಸ್ಟ್ರೋ (ನೀವು ಹಾಕಿಕೊಂಡ ಲಿನಕ್ಸ್ ಹಂಚಿಕೆ) ಕೊಡುವ ಆವೃತ್ತಿಗೆ ಇದು ಬರುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ. ಬೀಗ ತೆರೆಯುವಾಗ ಗ್ರಬ್ ನಿಧಾನಿ, ಕೀಲಿಮಣೆಯೂ ಸಾಮಾನ್ಯವಾಗಿ ಅಮೆರಿಕನ್ ವಿನ್ಯಾಸದ್ದೆಂದೇ ಹಿಡಿಯುತ್ತದೆ.

ಭದ್ರತೆಯ ಕಡೆಯಿಂದಲೂ ಇದೇ ಕತೆ. ಕೋಡ್ ಹೆಚ್ಚಿದಷ್ಟೂ ಬಿರುಕು ಹೆಚ್ಚು. 2020ರಲ್ಲಿ ಬೂಟ್‌ಹೋಲ್ ಎಂಬ ಹೆಸರಿನಲ್ಲಿ ಬಯಲಾದ ದೋಷ, ಗ್ರಬ್ ತನ್ನ ಸಂರಚನೆಯ ಫೈಲನ್ನು ಓದುವ ಭಾಗದಲ್ಲಿತ್ತು. ಆ ಫೈಲಿಗೆ ಸಹಿ ಇರುವುದಿಲ್ಲ; ಅದನ್ನು ತಿದ್ದಿ ಸೆಕ್ಯೂರ್ ಬೂಟನ್ನೇ ದಾಟಬಹುದಿತ್ತು. ಬೇರೆ ಪಾರ್ಟಿಷನ್‌ಗಳಲ್ಲಿ ವಿಂಡೋಸ್ ಇದೆಯೇ ಎಂದು ಹುಡುಕುವ ಓಎಸ್-ಪ್ರೋಬರ್ ಸಹ 2021ರ 2.06 ಆವೃತ್ತಿಯಿಂದ ತಾನಾಗಿ ಓಡುವುದಿಲ್ಲ. ‘ಅಪ್‌ಡೇಟ್ ಆದ ಮೇಲೆ ಮೆನುವಿನಿಂದ ವಿಂಡೋಸ್ ಮಾಯವಾಯಿತು’ ಎಂಬ ದೂರಿಗೆ ಬಹುಪಾಲು ಕಾರಣ ಇದೇ. ಗ್ರಬ್ಬಿನ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಬದಲಿಸಿದರೆ ಮರಳುತ್ತದೆ.

ಸಿಸ್ಟಮ್‌ಡಿ-ಬೂಟ್: ತಾನಾಯಿತು, ತನ್ನ ಮೆನುವಾಯಿತು

ಗಮ್ಮಿಬೂಟ್ ಎಂಬ ಹೆಸರಿನಲ್ಲಿ ಹುಟ್ಟಿ 2015ರಲ್ಲಿ, ಲಿನಕ್ಸಿನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಮನೆಗೆ ಸೇರಿದ ಇದರ ಧೋರಣೆ ಗ್ರಬ್ಬಿಗೆ ನೇರ ವಿರುದ್ಧ. ‘ಫರ್ಮ್‌ವೇರಿಗೆ ಫ್ಯಾಟ್ ಓದಲು ಬರುತ್ತದಲ್ಲ, ನಾನೇಕೆ ಮತ್ತೆ ಬರೆಯಲಿ?’ ಎಂಬುದೇ ಅದರ ಸಿದ್ಧಾಂತ. ಯುಇಎಫ್‌ಐ ಇಲ್ಲದ ಯಂತ್ರದಲ್ಲಿ ಇದರ ಮಾತೇ ಎತ್ತುವಂತಿಲ್ಲ.

ಇದರ ಸಂರಚನೆ ಓದಲು ಕೈಪಿಡಿ ಬೇಕಿಲ್ಲ. ಪ್ರತಿ ಕರ್ನಲ್ಲಿಗೆ ಒಂದು ಸಣ್ಣ ಫೈಲ್; ಅದರಲ್ಲಿ ನಾಲ್ಕು ಸಾಲು. ಮೆನುವಿನಲ್ಲಿ ಕಾಣಬೇಕಾದ ಹೆಸರು, ಕರ್ನಲ್ ಇರುವ ಜಾಗ, ಇನಿಟ್‌ರಾಮ್‌ಎಫ್‌ಎಸ್ ಇರುವ ಜಾಗ, ಕರ್ನಲ್ಲಿಗೆ ಕೊಡುವ ಸೂಚನೆ. ಗ್ರಬ್ ತಾನೇ ಹೆಣೆದುಕೊಳ್ಳುವ ನೂರಾರು ಸಾಲಿನ ಫೈಲನ್ನು ಒಮ್ಮೆಯಾದರೂ ತೆರೆದು ನೋಡಿದವರಿಗೆ ಇದು ಎಂಥ ನೆಮ್ಮದಿ ಎಂದು ಬೇರೆ ಹೇಳಬೇಕಿಲ್ಲ.

ಇದರಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಯತ್ನಗಳ ಎಣಿಕೆ. ಹೊಸ ಕರ್ನಲ್ಲಿನ ಫೈಲ್ ಹೆಸರಿನ ಕೊನೆಗೆ ‘+3’ ಎಂದು ಸೇರಿಸಿದ್ದರೆ, ಮೊದಲ ಯತ್ನಕ್ಕೆ ಲೋಡರ್ ಆ ಹೆಸರನ್ನೇ ‘+2-1’ ಎಂದು ಬದಲಿಸುತ್ತದೆ, ಆಮೇಲೆ ‘+1-2’. ವ್ಯವಸ್ಥೆ ನೆಟ್ಟಗೆ ಎದ್ದರೆ ಅದೇ ಆ ಬಾಲವೆಲ್ಲ ಕತ್ತರಿಸಿ ಆಶೀರ್ವದಿಸುತ್ತದೆ. ಮೂರೂ ಬಾರಿ ಸೋತು ‘+0-3’ ಆಯಿತೋ, ಆ ಕರ್ನಲ್ ಪಟ್ಟಿಯ ಕೊನೆಗೆ ಹೋಗುತ್ತದೆ, ಹಳೆಯದು ತಾನಾಗಿ ಏಳುತ್ತದೆ. ಲೆಕ್ಕ ಇಡಲು ಬೇರೆ ಫೈಲ್ ಇಲ್ಲ, ಹೆಸರೇ ಲೆಕ್ಕದ ಪುಸ್ತಕ. ದೂರದ ಕೋಣೆಯಲ್ಲಿ ಪರದೆಯಿಲ್ಲದೆ ಕೂತ ಯಂತ್ರಕ್ಕೆ ಇದಕ್ಕಿಂತ ಸರಳ ರಕ್ಷೆ ಸಿಗುವುದು ಕಷ್ಟ.

ತೆರಬೇಕಾದ ಬೆಲೆ ಜಾಗದ್ದು. ಕರ್ನಲ್ ಮತ್ತು ಇನಿಟ್‌ರಾಮ್‌ಎಫ್‌ಎಸ್ ಎರಡೂ ಫ್ಯಾಟ್ ಪಾರ್ಟಿಷನ್ನಿಗೇ ಬರಬೇಕು. ವಿಂಡೋಸ್ ಮೊದಲೇ ಇದ್ದ ಯಂತ್ರದಲ್ಲಿ ಇಎಫ್‌ಐ ಪಾರ್ಟಿಷನ್ ಅನೇಕ ಕಡೆ ಬರೀ 100 ಎಂಬಿ ಇರುತ್ತದೆ. ಎರಡು ಕರ್ನಲ್ ಇಡುವಷ್ಟರಲ್ಲಿ ತುಂಬಿತು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಾದ ಪರಿಸ್ಥಿತಿ. ಹೊಸದಾಗಿ ಡಿಸ್ಕ್ ವಿಂಗಡಿಸುವವರು ಒಂದು ಜಿಬಿ ಕೊಟ್ಟುಬಿಡಿ, ಆಮೇಲೆ ಹಿಗ್ಗಿಸುವ ಕಷ್ಟ ಬೇಡ. ಈಗಾಗಲೇ ಸಿಕ್ಕಿಹಾಕಿಕೊಂಡವರು ಅದೇ ಡಿಸ್ಕಿನಲ್ಲಿ ‘ವಿಸ್ತೃತ ಬೂಟ್’ ಬಗೆಯ ಎರಡನೇ ಪಾರ್ಟಿಷನ್ ಮಾಡಿ ಕರ್ನಲ್‌ಗಳನ್ನು ಅಲ್ಲಿಡಬಹುದು. ಅದನ್ನೂ ಫ್ಯಾಟ್ ಆಗಿಯೇ ಇಡುವುದು ಸುಲಭ.

ಅದೇ ಇಎಫ್‌ಐ ಪಾರ್ಟಿಷನ್ನಿನಲ್ಲಿರುವ ವಿಂಡೋಸನ್ನು ಇದು ತಾನಾಗಿ ಕಂಡುಹಿಡಿಯುತ್ತದೆ. ವಿಂಡೋಸ್ ಇನ್ನೊಂದು ಡಿಸ್ಕಿನ ಪಾರ್ಟಿಷನ್ನಿನಲ್ಲಿದ್ದರೆ ಹಾಗೆ ಸಿಗುವುದಿಲ್ಲ. ಎರಡು ಡಿಸ್ಕ್, ಎರಡು ವ್ಯವಸ್ಥೆ ಇಟ್ಟುಕೊಂಡವರು ಎಡವುವುದು ಇಲ್ಲೇ.

ಲೋಡರೇ ಬೇಡವೆಂದರೆ

2012ರ 3.3ನೇ ಆವೃತ್ತಿಯಿಂದ ಲಿನಕ್ಸ್ ಕರ್ನಲ್ ಸ್ವತಃ ಒಂದು ಇಎಫ್‌ಐ ಪ್ರೋಗ್ರಾಮ್ ಆಗಬಲ್ಲದು. ಕರ್ನಲ್ ಫೈಲಿನ ಮೊದಲ ಎರಡು ಬೈಟ್ ತೆಗೆದು ನೋಡಿದರೆ ಡಾಸ್ ಕಾಲದ ‘ಎಂಜಡ್’ ಗುರುತು ಸಿಗುತ್ತದೆ. ಫರ್ಮ್‌ವೇರಿನ ಪಟ್ಟಿಗೆ ನೇರವಾಗಿ ಕರ್ನಲ್ಲಿನ ಹೆಸರನ್ನೇ ಬರೆದರೆ ನಡುವೆ ಯಾರೂ ಬೇಕಿಲ್ಲ.

ಕೇಳಲು ಚೆಂದ. ಆದರೆ ಕರ್ನಲ್ಲಿಗೆ ಕೊಡಬೇಕಾದ ಸೂಚನೆಯ ಸಾಲೂ ಫರ್ಮ್‌ವೇರಿನ ಸ್ಮೃತಿಯಲ್ಲೇ ಇರಬೇಕು, ಕೆಲವು ಫರ್ಮ್‌ವೇರುಗಳು ಆ ಸಾಲನ್ನು ಕರ್ನಲ್ಲಿಗೆ ಮುಟ್ಟಿಸುವುದೇ ಇಲ್ಲ. ಕೆಲವು ಪಟ್ಟಿಯನ್ನೇ ಮರೆಯುತ್ತವೆ. ಒಂದು ಅಕ್ಷರ ತಪ್ಪಿದರೆ ತಿದ್ದಲು ಮೆನುವಿಲ್ಲ. ಬರಿಯ ಕರ್ನಲ್ಲನ್ನು ಹೀಗೆ ಓಡಿಸುವುದನ್ನು ನಾನು ಪ್ರಯೋಗಕ್ಕೆ ಮಾತ್ರ ಶಿಫಾರಸು ಮಾಡುತ್ತೇನೆ.

ಇದೇ ಯೋಚನೆಯ ಪಳಗಿದ ರೂಪ ಏಕೀಕೃತ ಕರ್ನಲ್ ಇಮೇಜ್, ಜನ ಕರೆಯುವಂತೆ ಯುಕೆಐ. ಕರ್ನಲ್, ಇನಿಟ್‌ರಾಮ್‌ಎಫ್‌ಎಸ್, ಸೂಚನೆಯ ಸಾಲು ಮೂರನ್ನೂ ಒಂದೇ ಇಎಫ್‌ಐ ಫೈಲಿನೊಳಗೆ ಕಟ್ಟಿ, ಮೇಲೆ ಒಂದೇ ಸಹಿ ಹಾಕುವುದು. ಇದರ ಮಹತ್ವ ತಿಳಿಯಬೇಕಾದರೆ ಸಾಮಾನ್ಯ ಸೆಕ್ಯೂರ್ ಬೂಟಿನ ಒಂದು ತೂತನ್ನು ನೋಡಬೇಕು. ಫರ್ಮ್‌ವೇರ್ ಮೈಕ್ರೋಸಾಫ್ಟಿನ ಸಹಿ ಇರುವ ಶಿಮ್ ಎಂಬ ಪುಟ್ಟ ಲೋಡರನ್ನು ಒಪ್ಪುತ್ತದೆ. ಶಿಮ್ ಡಿಸ್ಟ್ರೋದ ಸಹಿ ಇರುವ ಗ್ರಬ್ಬನ್ನು ಒಪ್ಪುತ್ತದೆ. ಗ್ರಬ್ ಸಹಿ ಇರುವ ಕರ್ನಲ್ಲನ್ನು. ಇನಿಟ್‌ರಾಮ್‌ಎಫ್‌ಎಸ್? ಅದು ನಿಮ್ಮ ಯಂತ್ರದಲ್ಲೇ ತಯಾರಾಗುವಂಥದ್ದು, ಸಾಮಾನ್ಯವಾಗಿ ಅದರ ಸಹಿಯನ್ನು ಯಾರೂ ಕೇಳುವುದಿಲ್ಲ. ಡಿಸ್ಕಿನ ಗುಪ್ತಪದ ಕೇಳುವ ಪ್ರೋಗ್ರಾಮ್ ಇರುವುದು ಮಾತ್ರ ಅದರೊಳಗೇ! ಲ್ಯಾಪ್‌ಟಾಪ್ ಹತ್ತು ನಿಮಿಷ ಕೈಗೆ ಸಿಕ್ಕರೆ ಆ ಫೈಲನ್ನು ಬದಲಿಸಿ, ನೀವು ಮುಂದಿನ ಬಾರಿ ಒತ್ತುವ ಗುಪ್ತಪದವನ್ನು ಕದಿಯಬಹುದು. ಬಾಗಿಲಿಗೆ ಮೂರು ಬೀಗ ಜಡಿದು ಕಿಟಕಿ ತೆರೆದಿಟ್ಟಂತೆ. ಯುಕೆಐ ಈ ಕಿಟಕಿಯನ್ನು ಮುಚ್ಚುತ್ತದೆ.

ಬದಲಿಗೆ ಬಿಟ್ಟುಕೊಡುವುದು ಸಡಿಲತೆಯನ್ನು. ಸೂಚನೆಯ ಸಾಲಿನಲ್ಲಿ ಒಂದು ಪದ ಬದಲಿಸಬೇಕಾದರೂ ಇಮೇಜನ್ನು ಮತ್ತೆ ಕಟ್ಟಿ ಸಹಿ ಹಾಕಬೇಕು. ಫೈಲ್ ದೊಡ್ಡದಾದ್ದರಿಂದ ಜಾಗವೂ ಹೆಚ್ಚು ಬೇಕು. ಯುಕೆಐಯನ್ನು ಫರ್ಮ್‌ವೇರ್ ನೇರವಾಗಿಯೂ ಓಡಿಸಬಹುದು, ಸಿಸ್ಟಮ್‌ಡಿ-ಬೂಟಿನ ಮೆನುವಿನಿಂದಲೂ ಓಡಿಸಬಹುದು. ನಾನು ಎರಡನೆಯದನ್ನೇ ಹೇಳುತ್ತೇನೆ: ಇಎಫ್‌ಐ ಪಾರ್ಟಿಷನ್ನಿನ ‘ಇಎಫ್‌ಐ/ಲಿನಕ್ಸ್’ ಫೋಲ್ಡರಿನಲ್ಲಿ ಇಟ್ಟರೆ ಸಾಕು, ಮೆನುವಿನಲ್ಲಿ ತಾನಾಗಿ ಕಾಣುತ್ತದೆ, ಹಳೆಯದೊಂದು ಪಕ್ಕದಲ್ಲಿದ್ದರೆ ಧೈರ್ಯ.

ಸ್ವಂತ ಸಹಿ ಹಾಕುವವರು ಒಂದು ಮಾತು ಕೇಳಿ. ಫರ್ಮ್‌ವೇರಿನಿಂದ ಮೈಕ್ರೋಸಾಫ್ಟಿನ ಕೀಲಿಗಳನ್ನೆಲ್ಲ ಕಿತ್ತು ನಿಮ್ಮದನ್ನಷ್ಟೇ ಇಡುವ ಹುರುಪು ಬೇಡ. ಕೆಲವು ಗ್ರಾಫಿಕ್ಸ್ ಕಾರ್ಡುಗಳ ಸ್ವಂತ ಫರ್ಮ್‌ವೇರಿಗೂ ಅದೇ ಕೀಲಿಯ ಸಹಿ ಇರುತ್ತದೆ. ಕಿತ್ತರೆ ಪರದೆಯೇ ಬಾರದೆ ಹೋಗಬಹುದು. ಇನ್ನೊಂದು, 2011ರ ಮೈಕ್ರೋಸಾಫ್ಟ್ ಪ್ರಮಾಣಪತ್ರಗಳ ಅವಧಿ ಮುಗಿಯುವ ವರ್ಷ 2026. ಅದರಿಂದ ಈಗ ಏಳುತ್ತಿರುವ ಯಂತ್ರ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ 2023ರ ಕೀಲಿಯಿಂದಷ್ಟೇ ಸಹಿಯಾದ ಶಿಮ್ ಬಂದಾಗ, ನಿಮ್ಮ ಫರ್ಮ್‌ವೇರಿನಲ್ಲಿ ಆ ಹೊಸ ಪ್ರಮಾಣಪತ್ರ ಇಲ್ಲದಿದ್ದರೆ ಅದು ಏಳುವುದಿಲ್ಲ. ಫರ್ಮ್‌ವೇರ್ ಅಪ್‌ಡೇಟನ್ನು ಮುಂದೂಡುತ್ತಾ ಬಂದವರು ಇನ್ನು ಮುಂದೂಡಬೇಡಿ.

ರೀಫೈಂಡ್, ಹಳೆಯ ಯಂತ್ರಗಳು, ಪುಟ್ಟ ಬೋರ್ಡುಗಳು

ರಾಡ್ ಸ್ಮಿತ್ 2012ರಲ್ಲಿ ರೀಫಿಟ್ ಎಂಬ ಹಳೆಯ ಯೋಜನೆಯಿಂದ ಕವಲೊಡೆಸಿದ ರೀಫೈಂಡ್, ಪ್ರತಿ ಬಾರಿ ಏಳುವಾಗಲೂ ಡಿಸ್ಕುಗಳನ್ನೆಲ್ಲ ಹುಡುಕಿ ಸಿಕ್ಕಿದ್ದನ್ನು ಚಿತ್ರಗಳಾಗಿ ಜೋಡಿಸುತ್ತದೆ. ಇಎಕ್ಸ್‌ಟಿ4, ಬಿಟಿಆರ್‌ಎಫ್‌ಎಸ್ ಓದುವ ಡ್ರೈವರುಗಳನ್ನೂ ಜೊತೆಗೆ ತರುತ್ತದೆ. ವಾರಕ್ಕೊಂದು ಡಿಸ್ಟ್ರೋ ಹಾಕಿ ತೆಗೆಯುವವರು, ಹಳೆಯ ಇಂಟೆಲ್ ಮ್ಯಾಕ್ ಇಟ್ಟುಕೊಂಡವರು, ಮೂರು ನಾಲ್ಕು ವ್ಯವಸ್ಥೆಗಳ ನಡುವೆ ಓಡಾಡುವವರು ಕಣ್ಣು ಮುಚ್ಚಿ ಇದನ್ನು ಹಾಕಿಕೊಳ್ಳಬಹುದು. ಒಂದೇ ಒಂದು ಲಿನಕ್ಸ್ ಇರುವವರಿಗೆ ಚಂದದ ಐಕಾನ್ ನೋಡುವುದರ ಹೊರತು ಲಾಭವಿಲ್ಲ.

ಬಯಾಸ್ ಮಾತ್ರ ಇರುವ ಯಂತ್ರಕ್ಕೆ ಗ್ರಬ್ ಹಾಕಿ, ಮುಂದಿನ ಕೆಲಸ ನೋಡಿ. ಸಿಸ್‌ಲಿನಕ್ಸ್ ಎಂಬ ಲೋಡರ್ ಈಗಲೂ ಹಗುರ, ಆದರೆ ಬೆಳವಣಿಗೆ ನಿಂತಂತೆಯೇ. ಲಿಲೋ ಎಂಬ ಹಳೆಯ ಲೋಡರಿನ ಅಭಿವೃದ್ಧಿ 2015ರಲ್ಲೇ ಮುಗಿಯಿತು. ಅದಕ್ಕೆ ಫೈಲ್ ಸಿಸ್ಟಮ್ ಎಂದರೆ ಗೊತ್ತಿರಲಿಲ್ಲ, ಕರ್ನಲ್ ಕೂತ ಸೆಕ್ಟರುಗಳ ಪಟ್ಟಿಯನ್ನಷ್ಟೇ ಬರೆದಿಟ್ಟುಕೊಳ್ಳುತ್ತಿತ್ತು. ಕರ್ನಲ್ ಬದಲಿಸಿ ಲಿಲೋ ಕಮಾಂಡ್ ಕೊಡಲು ಮರೆತರೆ ಅಷ್ಟೇ. ಆದರೂ ಅದರ ಒಂದು ಪ್ರಾಮಾಣಿಕತೆ ನನಗೆ ಇಷ್ಟ: ತನ್ನ ಹೆಸರಿನ ನಾಲ್ಕು ರೋಮನ್ ಅಕ್ಷರಗಳನ್ನು ಒಂದೊಂದು ಹಂತಕ್ಕೆ ಒಂದೊಂದರಂತೆ ಪರದೆಗೆ ಬರೆಯುತ್ತಿತ್ತು. ಎರಡೇ ಅಕ್ಷರಕ್ಕೆ ನಿಂತರೆ ಎಲ್ಲಿ ಸತ್ತಿತು ಎಂದು ತಿಳಿಯುತ್ತಿತ್ತು.

ಆರ್ಮ್ ಪ್ರೊಸೆಸರಿನ ಪುಟ್ಟ ಬೋರ್ಡುಗಳಲ್ಲಿ ನಿಮ್ಮ ಆಯ್ಕೆ ಕಡಿಮೆ. ಚಿಪ್ಪಿನೊಳಗೇ ಕೆತ್ತಿದ, ಬದಲಿಸಲಾಗದ ಆರ್‌ಓಎಂ ಕೋಡ್ ಮೊದಲು ಒಂದು ಪುಟ್ಟ ತುಣುಕನ್ನು ಚಿಪ್ಪಿನ ಒಳಗಿನ ಮೆಮೊರಿಗೆ ತರುತ್ತದೆ. ಹೊರಗಿನ ದೊಡ್ಡ ಮೆಮೊರಿ ಆಗಿನ್ನೂ ಎದ್ದೇ ಇರುವುದಿಲ್ಲ. ಆ ತುಣುಕು ಮೆಮೊರಿಯನ್ನು ಎಬ್ಬಿಸಿ, ಮುಂದಿನ ಹಂತಗಳ ಮೂಲಕ ಯು-ಬೂಟ್ ಎಂಬ ಲೋಡರನ್ನು ಕರೆಯುತ್ತದೆ. ಯು-ಬೂಟ್ ಕರ್ನಲ್ಲಿನ ಜೊತೆಗೆ ಡಿವೈಸ್ ಟ್ರೀ ಎಂಬ ಫೈಲನ್ನೂ ಕೊಡಬೇಕು. ಬೋರ್ಡಿನಲ್ಲಿ ಏನೇನಿದೆ ಎಂದು ಕರ್ನಲ್ಲಿಗೆ ತಿಳಿಯುವುದು ಅದರಿಂದಲೇ. ಒಳ್ಳೆಯ ಸುದ್ದಿ ಎಂದರೆ ಯು-ಬೂಟ್ ತಾನೇ ಯುಇಎಫ್‌ಐನ ಒಂದು ಭಾಗವನ್ನು ಒದಗಿಸುತ್ತದೆ, ಅದರ ಮೇಲೆ ಗ್ರಬ್ಬನ್ನೋ ಸಿಸ್ಟಮ್‌ಡಿ-ಬೂಟನ್ನೋ ಕೂರಿಸಬಹುದು. ತಯಾರಕರು ಕೊಟ್ಟ ಯು-ಬೂಟ್ ಬೋರ್ಡಿನಲ್ಲಿ ಕೆಲಸ ಮಾಡುತ್ತಿದ್ದರೆ ಅದನ್ನು ಮುಟ್ಟದೆ, ಮೇಲಿನ ಪದರವನ್ನಷ್ಟೇ ಬದಲಿಸಿ. ಬೋರ್ಡಿನ ಸಂದೇಶಗಳನ್ನು ಓದಲು ಸೀರಿಯಲ್ ಕೇಬಲ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಸ್ವಂತ ಕರ್ನಲ್ ಬರೆಯುವವರಿಗೆ ಬೇರೆಯದೇ ಲೆಕ್ಕ. ಲೋಡರಿಗೂ ಕರ್ನಲ್ಲಿಗೂ ನಡುವಿನ, ಗ್ರಬ್ಬಿನ ಮಲ್ಟಿಬೂಟ್ ಒಪ್ಪಂದದಲ್ಲಿ ಕರ್ನಲ್ಲಿನ ತಲೆಯಲ್ಲಿ 1ಬಿಎಡಿಬಿ002 ಎಂಬ ಗುರುತಿರಬೇಕು, ಓಡುವಾಗ ಲೋಡರ್ ರಿಜಿಸ್ಟರಿನಲ್ಲಿ 2ಬಿಎಡಿಬಿ002 ಇಟ್ಟು ಕಳಿಸುತ್ತದೆ. ‘ಬ್ಯಾಡ್ ಬೂಟ್’ ಎಂದು ಓದಿಕೊಂಡು ನಗುವುದು ವಾಡಿಕೆ. ಕರ್ನಲ್ ಕಣ್ಣು ಬಿಡುವುದು 32 ಬಿಟ್ ಸ್ಥಿತಿಯಲ್ಲಿ, 64ಕ್ಕೆ ಏರುವ ಮೆಟ್ಟಿಲನ್ನು ನೀವೇ ಕಟ್ಟಬೇಕು. ಲಿಮೈನ್ ಎಂಬ ಲೋಡರ್ ತನ್ನ ಸ್ವಂತ ಒಪ್ಪಂದದಲ್ಲಿ ನೇರವಾಗಿ 64 ಬಿಟ್ ಸ್ಥಿತಿಗೆ, ಪುಟ ಕೋಷ್ಟಕ (ಮೆಮೊರಿ ವಿಳಾಸಗಳ ನಕ್ಷೆ) ಸಮೇತ, ತಂದು ನಿಲ್ಲಿಸುತ್ತದೆ. ಮೆಟ್ಟಿಲು ಕಟ್ಟುವುದನ್ನೇ ಕಲಿಯಬೇಕೆಂದರೆ ಮಲ್ಟಿಬೂಟ್, ಮೇಲಿನ ಮನೆ ಕಟ್ಟುವ ಆತುರವಿದ್ದರೆ ಲಿಮೈನ್.

ಹಾಗಾದರೆ ನಿಮಗೆ ಯಾವುದು?

ಡಿಸ್ಟ್ರೋ ಗ್ರಬ್ ಕೊಟ್ಟಿದೆ, ವಿಂಡೋಸ್ ಜೊತೆಗಿದೆ, ಎಲ್ಲವೂ ಏಳುತ್ತಿದೆ ಎಂದಾದರೆ ಬದಲಿಸಲು ಕಾರಣವೇ ಇಲ್ಲ. ಕರ್ನಲ್ ಅಪ್‌ಡೇಟ್ ಬಂದಾಗಲೆಲ್ಲ ಗ್ರಬ್ಬಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆ ಆ ಡಿಸ್ಟ್ರೋದಲ್ಲಿ ವರ್ಷಗಟ್ಟಲೆ ಪಳಗಿರುತ್ತದೆ. ನೀವು ತಂದು ಹಾಕುವ ಹೊಸ ಲೋಡರಿಗೆ ಆ ನೆಂಟಸ್ತಿಕೆ ಇರುವುದಿಲ್ಲ. ಬಿಟಿಆರ್‌ಎಫ್‌ಎಸ್ ಸ್ನ್ಯಾಪ್‌ಶಾಟ್ ನೆಚ್ಚಿದವರೂ ಗ್ರಬ್ಬಿನಲ್ಲೇ ಇರಿ. ಹೊಸ ಯಂತ್ರ, ಒಂದೇ ಲಿನಕ್ಸ್, ಒಂದು ಜಿಬಿ ಇಎಫ್‌ಐ ಪಾರ್ಟಿಷನ್: ನನ್ನ ಮತ ಸಿಸ್ಟಮ್‌ಡಿ-ಬೂಟಿಗೆ, ಎರಡನೇ ಯೋಚನೆಯಿಲ್ಲದೆ. ಊರೂರು ತಿರುಗುವ ಲ್ಯಾಪ್‌ಟಾಪ್, ಒಳಗೆ ಗುಟ್ಟಿನ ಕೆಲಸ: ಸಿಸ್ಟಮ್‌ಡಿ-ಬೂಟಿನ ಮೇಲೆ ಯುಕೆಐ, ಸಹಿ, ಟಿಪಿಎಂ (ಕೀಲಿ ಕಾಯುವ ಚಿಪ್ಪು), ಕಲಿಯಲು ಒಂದು ವಾರಾಂತ್ಯ. ವಿಂಡೋಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇರುವವರು ಮಾತ್ರ ಯಾವ ಲೋಡರ್ ಬದಲಿಸುವುದಕ್ಕೂ ಮೊದಲು ಅದರ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಏಳುವ ಸಾಲಿನಲ್ಲಿ ಹೊಸ ಮುಖ ಕಂಡರೆ ಅದು ಕೀಲಿ ಕೇಳಬಹುದು.

ಬದಲಿಸಲು ತೀರ್ಮಾನಿಸಿದ್ದರೆ ಹಳೆಯದನ್ನು ಮೊದಲು ಅಳಿಸುವ ತಪ್ಪು ಮಾಡಬೇಡಿ. ಯುಇಎಫ್‌ಐನಲ್ಲಿ ಎರಡು ಲೋಡರುಗಳು ಅಕ್ಕಪಕ್ಕ ಜಗಳವಿಲ್ಲದೆ ಇರುತ್ತವೆ. ಡಿಸ್ಕ್ ಮುಟ್ಟದೆ ಲಿನಕ್ಸ್ ಓಡಿಸುವ ಲೈವ್ ಯುಎಸ್‌ಬಿ ಒಂದನ್ನು ಮಾಡಿ, ಅದು ನಿಜಕ್ಕೂ ಏಳುತ್ತದೆಯೇ ಎಂದು ಒಮ್ಮೆ ನೋಡಿಟ್ಟುಕೊಳ್ಳಿ. ಹೊಸ ಲೋಡರ್ ಹಾಕುವಾಗ ಅನುಸ್ಥಾಪಕವೇ ಅದನ್ನು ಪಟ್ಟಿಯ ತಲೆಗೆ ಏರಿಸಿದ್ದರೆ, ಇಎಫ್‌ಐಬೂಟ್‌ಎಂಜಿಆರ್ ಕಮಾಂಡಿನಿಂದ ಹಳೆಯದನ್ನೇ ಮತ್ತೆ ಮೇಲಕ್ಕೆ ತಂದು, ‘ಮುಂದಿನ ಒಂದು ಬಾರಿಗೆ ಮಾತ್ರ ಹೊಸದು’ ಎಂದು ಹೇಳಿ ಮರುಚಾಲನೆ ಕೊಡಿ. ಸೋತರೆ ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿ, ಹಳೆಯದೇ ಎದ್ದು ಬರುತ್ತದೆ. ಗೆದ್ದರೆ ಕ್ರಮ ಬದಲಿಸಿ, ಹೊಸದರ ಒಂದು ಪ್ರತಿಯನ್ನು ಆಗ ಹೇಳಿದ ‘ಬೂಟ್‌ಎಕ್ಸ್64.ಇಎಫ್‌ಐ’ ಹೆಸರಿನಲ್ಲೂ ಇಡಿ. ಸೆಕ್ಯೂರ್ ಬೂಟ್ ಇದ್ದರೆ ಆ ಹೆಸರಿನಲ್ಲಿ ಇರಬೇಕಾದದ್ದು ಫರ್ಮ್‌ವೇರ್ ಒಪ್ಪುವ ಸಹಿ ಇರುವ ಫೈಲು. ಇಷ್ಟಾದರೂ ಹಳೆಯದು ಅಲ್ಲೇ ಇರಲಿ. ಒಂದು ಕರ್ನಲ್ ಅಪ್‌ಡೇಟ್ ಬರುವವರೆಗೆ ಕಾಯಿರಿ. ಹೊಸ ಕರ್ನಲ್ ತಾನಾಗಿಯೇ ಮೆನುವಿಗೆ ಬಂದು, ಅದರಲ್ಲಿ ಯಂತ್ರ ಎದ್ದ ಮೇಲೆ ಹಳೆಯ ಲೋಡರನ್ನು ತೆಗೆದುಹಾಕಿ.